ಹಿತ್ತಿಲ ಬಾಗಿಲಲ್ಲಿ ಇಂಟು ಮಾರ್ಕು ಹಾಕಿ ಕೂತ ಜೇಡ: ತೆಗೆಯೋದಾ, ಬಿಡೋದಾ?

ತೋಟದಮಾಣಿ (ಶಿರಸಿ)
ಸೆಪ್ಟೆಂಬರ್ 7, ಬೆಳಗ್ಗೆ 8:10

ಎಲ್ಲರಿಗೂ ನಮಸ್ಕಾರ. ನಮ್ಮ ಹಿತ್ತಿಲ ಬಾಗಿಲಿಂದ ತೋಟಕ್ಕೆ ಇಳಿಯೋ ಜಾಗದಲ್ಲಿ ಒಂದು ಕ್ರೋಟನ್ ಗಿಡ, ಒಂದು ದಾಸವಾಳ ಇದೆ. ಎರಡರ ನಡುವೆ ಒಂದು ಜೇಡ ಬಲೆ ಕಟ್ಟಿಕೊಂಡು ವಾರ ಆಯ್ತು. ಬಲೆ ಊಟದ ಬಾಳೆಲೆಯಷ್ಟು ಅಗಲ. ಜೇಡದ ಬೆನ್ನಿಗೆ ಹಳದಿ, ಕಂದು, ಬಿಳಿ ಅಡ್ಡಪಟ್ಟೆ. ಮುಂಭಾಗಕ್ಕೆ ಬೆಳ್ಳಿ ಬಳಿದ ಹಾಗಿದೆ. ತಲೆ ಕೆಳಗೆ ಮಾಡಿ, ಎರಡೆರಡು ಕಾಲು ಜೋಡಿಸಿ ಇಂಟು ಮಾರ್ಕಿನ ಹಾಗೆ ಚಾಚಿ ಕೂರುತ್ತೆ. ಅಷ್ಟು ಸಾಲದು ಅಂತ ಕಾಲಿನ ತುದಿಯಿಂದ ಆಚೆಗೆ ಬಲೆಯ ಮೇಲೂ ದಪ್ಪ ಬಿಳಿ ನೂಲಲ್ಲಿ ಅಂಕುಡೊಂಕಾಗಿ ಇಂಟು ಬರೆದುಕೊಂಡಿದೆ. ಐದನೇ ಕ್ಲಾಸಿನ ಮಗಳು ನೋಡಿದವಳೇ, "ಗಣಿತದ ಟೀಚರ್ ತಪ್ಪು ಹಾಕಿದ ಹಾಗೇ ಇದೆ" ಅಂದಳು.

ಆಯಿ ಮಾತ್ರ ದಿನಾ ಬೈತಾ ಇದಾಳೆ. ಬೆಳಗ್ಗೆ ಪೂಜೆಗೆ ಹೂ ಕೊಯ್ಯೋಕೆ ಹೋದರೆ ಮುಖಕ್ಕೆ ಬಲೆ. ಮೇಲಿಂದ ಜೇಡ ಉಚ್ಚೆ ಹೊಯ್ದರೆ ಮೈಯೆಲ್ಲ ಗುಳ್ಳೆ ಏಳುತ್ತೆ ಅನ್ನೋ ಹೆದರಿಕೆ ಬೇರೆ. ಪೊರಕೆ ತಗೊಂಡು ಬಾ ಅಂತ ನಿನ್ನೆಯೂ ಹೇಳಿದಳು. ಇದು ಯಾವ ಜೇಡ, ವಿಷ ಇದೆಯಾ? ಫೋಟೋ ಹಾಕಿದೇನೆ, ಮೊಬೈಲಿಂದು, ಸ್ವಲ್ಪ ಮಸುಕು.

ಮ್ಯಾಕ್ರೋಕಣ್ಣು (ಬೆಂಗಳೂರು)
ಸೆಪ್ಟೆಂಬರ್ 7, ಬೆಳಗ್ಗೆ 8:32

ಸಿಗ್ನೇಚರ್ ಸ್ಪೈಡರ್ ಗುರು! ಆರ್ಜಿಯೋಪಿ ಅನಸೂಜ. ಆ ಇಂಟು ಮಾರ್ಕೇ ಅದರ ಸಿಗ್ನೇಚರ್. ದಯವಿಟ್ಟು ತೆಗೀಬೇಡಿ, ನಾವು ಇದಕ್ಕೋಸ್ಕರ ಭಾನುವಾರ ಬೆಳಗ್ಗೆ ಐದಕ್ಕೆ ಎದ್ದು ತುರಹಳ್ಳಿ ಕಾಡಿಗೆ ಹೋಗ್ತೀವಿ. ಫೋಟೋಗೆ ಒಂದು ಟಿಪ್: ಬಲೆ ಮೇಲೆ ಸ್ವಲ್ಪ ಕಾರ್ನ್‌ಫ್ಲೋರ್ ಊದಿ, ಒಂದೊಂದು ಎಳೆಯೂ ಬೆಳ್ಳಗೆ ಎದ್ದು ಕಾಣುತ್ತೆ.

ಎಂಟುಕಾಲು (ಮೈಸೂರು)
ಸೆಪ್ಟೆಂಬರ್ 7, ಬೆಳಗ್ಗೆ 9:15

ಕಾರ್ನ್‌ಫ್ಲೋರ್ ಊದಬೇಡಿ. ಬಲೆಯ ಸುರುಳಿ ಎಳೆಗಳ ಮೇಲೆ ಅಂಟಿನ ಸಣ್ಣ ಸಣ್ಣ ಹನಿಗಳಿರ್ತವೆ, ಹುಳ ಸಿಕ್ಕಿಬೀಳೋದು ಅದರಿಂದಲೇ. ಹಿಟ್ಟು ಕೂತರೆ ಆ ಅಂಟು ಸತ್ತ ಹಾಗೆ. ಜೇಡಕ್ಕೆ ಅವತ್ತಿನ ಊಟ ಇಲ್ಲ, ಬಲೆ ಹೊಸದಾಗಿ ಕಟ್ಟೋ ಖರ್ಚು ಬೇರೆ. ಫೋಟೋ ಬೇಕಿದ್ದರೆ ಬೆಳಗಿನ ಮಂಜು ಕಾಯಿರಿ.

ತೋಟದಮಾಣಿ ಅವರೇ, ಇದು ಆರ್ಜಿಯೋಪಿ ಕುಲದ್ದು ಅನ್ನೋದರಲ್ಲಿ ಅನುಮಾನ ಇಲ್ಲ. ಜಗತ್ತಿನಲ್ಲಿ ಈ ಕುಲದ ಎಂಬತ್ತಕ್ಕೂ ಹೆಚ್ಚು ಜಾತಿಗಳಿವೆ. ಬಹುಪಾಲು ಉಷ್ಣವಲಯದವು, ಒಂದಷ್ಟು ಮಾತ್ರ ಚಳಿ ದೇಶಕ್ಕೂ ಹಬ್ಬಿವೆ. ಆ ಬೆಳ್ಳಿ ಬಳಿದ ಭಾಗ ನೋಡಿದಿರಲ್ಲ, ಹೆಸರು ಬಂದಿದ್ದೇ ಅದರಿಂದ, ಗ್ರೀಕಿನಲ್ಲಿ "ಬೆಳ್ಳಿ ಮುಖದವಳು" ಅಂತ ಅರ್ಥ. ಹೆಸರು ಅಚ್ಚಾಗಿದ್ದು 1826ರಲ್ಲಿ, ನೆಪೋಲಿಯನ್ನನ ಈಜಿಪ್ಟ್ ದಂಡಯಾತ್ರೆಯ ಬೆನ್ನಿಗೆ ಬಂದ ದೊಡ್ಡ ಸಂಪುಟಗಳಲ್ಲಿ. ಚಿತ್ರಫಲಕಗಳನ್ನು ಮಾಡಿಸಿದ ಸವಿನ್ಯಿಗೆ ಕಣ್ಣು ಹೋಯ್ತು. ವಿವರಣೆ ಬರೆದು ಮುಗಿಸಿದವನು ಆಡುವ್ಯಾಂ.

ಜಾತಿ ಯಾವುದು ಅನ್ನೋದು ಬೆನ್ನಿನ ಫೋಟೋ ನೋಡಿ ಹೇಳೋದು ಕಷ್ಟ. ಅನಸೂಜ, ಪುಲ್ಚೆಲ್ಲ ಎರಡೂ ಅಕ್ಕತಂಗಿಯರ ಹಾಗೆ, ಎರಡೂ ನಮ್ಮಲ್ಲಿವೆ. ಹೆಣ್ಣಿನ ಹೊಟ್ಟೆಯಡಿಯ ಜನನಾಂಗದ ಆಕಾರವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೇ ಖಾತ್ರಿ. ಅದಕ್ಕೆ ಜೇಡವನ್ನು ಕೊಲ್ಲಬೇಕಾಗುತ್ತೆ, ಆ ಕೆಲಸ ನಮಗೆ ಬೇಡ.

ವಿಷ ಎಲ್ಲಾ ಜೇಡಕ್ಕೂ ಇದೆ ಅನ್ನಬಹುದು, ಇದರದ್ದು ಮನುಷ್ಯರಿಗೆ ಅಪಾಯ ಮಾಡೋಂಥದ್ದಲ್ಲ. ಕೈಯಲ್ಲಿ ಹಿಡಿದು ಹಿಸುಕಿದರೆ ಕಚ್ಚೀತು, ಜೇನು ಕುಟುಕಿದಷ್ಟು ನೋವು. ಆದರೆ ಅದು ಕಚ್ಚೋಕೆ ಬರಲ್ಲ, ಹತ್ತಿರ ಹೋದರೆ ಕೆಳಗೆ ಬಿದ್ದು ಓಡುತ್ತೆ.

ಹೊಲದಹಾದಿ (ಧಾರವಾಡ)
ಸೆಪ್ಟೆಂಬರ್ 7, ಬೆಳಗ್ಗೆ 10:02

ಉಚ್ಚಿ ಹೊಯ್ತದ ಅನ್ನೋದು ನಮ್ಮ ಕಡೆನೂ ಅದರಿ. ಸಣ್ಣಾಂವ ಇದ್ದಾಗ ನನ್ನ ಕುತ್ತಿಗಿಗೆ ಗುಳ್ಳಿ ಎದ್ದಾಗ ಅಜ್ಜಿ ಅದನ್ನ ಅಂದಿದ್ಲು. ಹಂಗಾರ ಅದು ಸುಳ್ಳೇನ್ರಿ ಮೇಡಂ?

ಎಂಟುಕಾಲು (ಮೈಸೂರು)
ಸೆಪ್ಟೆಂಬರ್ 7, ಬೆಳಗ್ಗೆ 11:40

ಗುಳ್ಳೆ ಸುಳ್ಳಲ್ಲ, ಪಾಪ ಜೇಡದ ಮೇಲೆ ಹೊರಿಸಿದ್ದು ಸುಳ್ಳು. ಮಳೆಗಾಲದಲ್ಲಿ ರಾತ್ರಿ ಟ್ಯೂಬ್‌ಲೈಟಿಗೆ ಒಂದು ಸಣ್ಣ ಹುಳ ಬರುತ್ತೆ, ನೋಡೋಕೆ ಇರುವೆಯ ಹಾಗೆ, ಮೈ ಕಿತ್ತಳೆ ಕಪ್ಪು ಕಿತ್ತಳೆ ಕಪ್ಪು. ಪೀಡೆರಸ್ ಅಂತ. ಈಗ ಜನ ಆ್ಯಸಿಡ್ ಹುಳ ಅಂತಾರೆ. ಅದು ಕಚ್ಚೋದೂ ಇಲ್ಲ, ಕುಟುಕೋದೂ ಇಲ್ಲ. ಕತ್ತಿನ ಮೇಲೆ ಹರಿದಾಗ ನಿದ್ದೆಗಣ್ಣಲ್ಲಿ ಉಜ್ಜಿಬಿಡ್ತೀವಿ ನೋಡಿ, ಆಗ ಅದರ ಮೈಯೊಳಗಿನ ಪೆಡೆರಿನ್ ಅನ್ನೋ ರಸ ಚರ್ಮಕ್ಕೆ ತಾಗಿ ಒಂದೆರಡು ದಿನದಲ್ಲಿ ಸುಟ್ಟ ಹಾಗೆ ಉದ್ದಕ್ಕೆ ಗುಳ್ಳೆ. ಬೆಳಗ್ಗೆ ಎದ್ದು ನೋಡಿದರೆ ಹುಳ ಇಲ್ಲ, ಸೂರಿನಲ್ಲಿ ಜೇಡ ಇದೆ. ಅಪರಾಧಿ ಸಿಕ್ಕಿಬಿದ್ದ. ಮೈಮೇಲೆ ಹರಿದರೆ ಉಜ್ಜಬೇಡಿ, ಊದಿ ಹಾರಿಸಿ, ಸೋಪು ಹಾಕಿ ತೊಳೀರಿ.

ಇನ್ನು ಕೆಲವರಿಗೆ ಒಂದೇ ಪಕ್ಕಕ್ಕೆ ಪಟ್ಟಿಯ ಹಾಗೆ ಉರಿ ಗುಳ್ಳೆ ಏಳುತ್ತಲ್ಲ, ಅದು ಸರ್ಪಸುತ್ತು. ವೈರಸ್ಸಿನಿಂದ ಬರೋದು. ಅದಕ್ಕೆ ಡಾಕ್ಟರ ಹತ್ತಿರ ಬೇಗ ಹೋಗಬೇಕು.

ಸುಮ್ನೆಓದುಗ
ಸೆಪ್ಟೆಂಬರ್ 7, ಮಧ್ಯಾಹ್ನ 1:20

ಅನಸೂಜ ಅಂದರೆ ಏನು ಹೆಸರು ಮಾರಾಯ್ರೆ? ಕಾಯಿಲೆ ಹೆಸರಿನ ಹಾಗಿದೆ.

ಎಂಟುಕಾಲು (ಮೈಸೂರು)
ಸೆಪ್ಟೆಂಬರ್ 7, ಮಧ್ಯಾಹ್ನ 2:05

ಹೆಸರಿಟ್ಟವನು ಥೊರೆಲ್, 1887ರಲ್ಲಿ. ಸ್ವೀಡನ್ನಿನವನು. ಆ ದೇಶದವರು "ಜೆ" ಅಕ್ಷರವನ್ನು "ಯ" ಅಂತ ಓದ್ತಾರೆ. ಈಗ ಇನ್ನೊಂದು ಸಲ ಓದಿ.

ಸುಮ್ನೆಓದುಗ
ಸೆಪ್ಟೆಂಬರ್ 7, ಮಧ್ಯಾಹ್ನ 2:07

ಅನಸೂಯ!!! ಅಯ್ಯೋ ನಮ್ಮ ದೊಡ್ಡಮ್ಮನ ಹೆಸರು.

ತೋಟದಮಾಣಿ (ಶಿರಸಿ)
ಸೆಪ್ಟೆಂಬರ್ 7, ರಾತ್ರಿ 8:50

ಥೊರೆಲ್ ಏನು ಅಂದುಕೊಂಡಿದ್ದನೋ, ನಮ್ಮ ಮನೇಲಿ ಇವತ್ತಿನಿಂದ ಅದು ಅನಸೂಯಮ್ಮ. ಹೆಸರು ಹೇಳಿದ ಮೇಲೆ ಆಯಿಯ ಪೊರಕೆಯೂ ಸ್ವಲ್ಪ ತಣ್ಣಗಾಯ್ತು. "ಅನಸೂಯಾ ದೇವಿ ಹೆಸರು ಅಂದ ಮೇಲೆ ಇರಲಿ, ಆದರೆ ದಾರಿ ಬಿಟ್ಟು ಇರಲಿ" ಅಂದಳು.

ದಿನಾ ನೋಡಿ ಡೈರಿ ಬರೆಯೋಣ ಅಂತ ಮಗಳು ಹಠ ಹಿಡಿದಿದಾಳೆ. ಗುರುತಿಗೆ ಒಂದು ಅನುಕೂಲವೂ ಇದೆ. ಅನಸೂಯಮ್ಮನಿಗೆ ಏಳೇ ಕಾಲು. ಮುಂದಿನ ಬಲ ಜೋಡಿಯಲ್ಲಿ ಒಂದಿಲ್ಲ. ಹಾಗಾಗಿ ಇಂಟಿನ ಒಂದು ಗೀಟು ಬಡಕಲು.

ಜೇನುಗೂಡು (ಪುತ್ತೂರು)
ಸೆಪ್ಟೆಂಬರ್ 8, ಬೆಳಗ್ಗೆ 6:30

ಎಲ್ಲರೂ ಅಷ್ಟು ಮುದ್ದು ಮಾಡುದು ಬೇಡ ಮಾರಾಯ್ರೆ. ನನ್ನ ಹತ್ತಿರ ತುಡುವೆ ಪೆಟ್ಟಿಗೆ ಉಂಟು. ಪೆಟ್ಟಿಗೆ ಎದುರು ಕಾಫಿ ಗಿಡಕ್ಕೆ ಇದೇ ಜೇಡ ಬಲೆ ಕಟ್ಟಿ, ಒಂದೇ ಬೆಳಗ್ಗೆ ನಾಲ್ಕು ಜೇನುನೊಣ ಸುತ್ತಿ ಇಟ್ಟಿತ್ತು. ರೈತಮಿತ್ರ, ರೈತಮಿತ್ರ ಅಂತ ಬರೀತಾರೆ. ಬಲೆಗೆ ಮಿತ್ರ ಯಾರು, ಶತ್ರು ಯಾರು ಅಂತ ಗೊತ್ತುಂಟಾ? ನಾನಂತೂ ಕೋಲಲ್ಲಿ ಎತ್ತಿ ಆಚೆ ಬೇಲಿಗೆ ಬಿಡುದು.

ಹೊಲದಹಾದಿ (ಧಾರವಾಡ)
ಸೆಪ್ಟೆಂಬರ್ 8, ಬೆಳಗ್ಗೆ 9:00

ಕೊಲ್ಲಲಿಲ್ಲಲ್ಲರಿ, ಎತ್ತಿ ಬಿಟ್ರಿ, ಅಷ್ಟು ಸಾಕು. ಭತ್ತದ ಗದ್ಯಾಗ ಮಾತ್ರ ನಾ ಜೇಡಕ್ಕ ಕೈ ಮುಗೀತೀನಿ. ಕಂದು ಜಿಗಿಹುಳಕ್ಕಂತ ಔಷಧ ಹೊಡದ್ವಿ, ಮೊದಲು ಸತ್ತಿದ್ದು ಜೇಡ. ಮುಂದ ಜಿಗಿಹುಳ ಮೊದಲಿಗಿಂತ ಹೆಚ್ಚಾಗಿ ಬಂತು. ಅದನ್ನ ತಿನ್ನಾವರನ್ನ ನಾವ ಕೊಂದಿದ್ವಿ.

ಎಂಟುಕಾಲು (ಮೈಸೂರು)
ಸೆಪ್ಟೆಂಬರ್ 8, ಬೆಳಗ್ಗೆ 10:25

ಇಬ್ಬರೂ ಹೇಳಿದ್ದು ಸರಿ. ಜಿಗಿಹುಳದ ದೊಡ್ಡ ಬೇಟೆಗಾರ ನೆಲದಲ್ಲಿ ಓಡಾಡೋ ತೋಳಜೇಡ, ಅದು ಬಲೆ ಕಟ್ಟಲ್ಲ. ಆದರೆ ಗದ್ದೆಯಲ್ಲಿ ಆರ್ಜಿಯೋಪಿಯೂ ಇದೆ, ಕ್ಯಾಟೆನುಲೇಟ ಅನ್ನೋ ಜಾತಿ. ಪೈರಿನ ನಡುವೆ ಬಲೆ ಕಟ್ಟುತ್ತೆ.

ಜೇನುಗೂಡು ಅವರೇ, ನಿಮ್ಮ ಜೇನುನೊಣದ ಮಾತಿಗೆ ಒಂದು ಒಳ್ಳೇ ಸಂಶೋಧನೆ ಇದೆ. ತೋಟದಮಾಣಿಯ ಮಗಳ ಡೈರಿ ತುಂಬಲಿ, ಆಮೇಲೆ ಹೇಳ್ತೀನಿ. ಮೊದಲೇ ಹೇಳಿದರೆ ಹುಡುಗಿ ಅದನ್ನೇ ನೋಡೋಕೆ ಶುರು ಮಾಡ್ತಾಳೆ.

ಕಾಂಗರೂನಾಡು (ಸಿಡ್ನಿ)
ಸೆಪ್ಟೆಂಬರ್ 10, ಬೆಳಗ್ಗೆ 5:45

ನಮ್ಮ ಮನೆ ಬೇಲಿಯಲ್ಲೂ ಇದರ ಅಕ್ಕ ಇದಾಳೆ, ಆರ್ಜಿಯೋಪಿ ಕೀಸರ್‌ಲಿಂಗಿ. ಇಲ್ಲಿ ಸೇಂಟ್ ಆ್ಯಂಡ್ರೂಸ್ ಕ್ರಾಸ್ ಸ್ಪೈಡರ್ ಅಂತಾರೆ. ಆ ಸಂತನನ್ನು ಇಂಟು ಆಕಾರದ ಶಿಲುಬೆಗೆ ಏರಿಸಿದರು ಅನ್ನೋ ನಂಬಿಕೆ. ಸ್ಕಾಟ್ಲೆಂಡಿನ ಬಾವುಟದಲ್ಲಿರೋ ಇಂಟೂ ಅದೇ. ಮರಿಗಳು ಇಂಟು ಹಾಕಲ್ಲ, ಬಲೆಯ ನಡುವೆ ರಂಗೋಲಿ ಹಾಗೆ ದುಂಡನೆಯ ಬಿಳಿ ಚಕ್ರ ನೇಯ್ದು ಅದರ ಹಿಂದೆ ಅಡಗಿ ಕೂರ್ತವೆ. ಬೆಳೀತಾ ಬೆಳೀತಾ ಚಕ್ರ ಹೋಗಿ ಇಂಟು ಬರುತ್ತೆ.

ಜರ್ಸಿಕನ್ನಡತಿ
ಸೆಪ್ಟೆಂಬರ್ 10, ಸಂಜೆ 6:15

ನ್ಯೂಜೆರ್ಸಿಯಲ್ಲಿ ಇಂಟು ಇಲ್ಲ, ನೆಟ್ಟಗೆ ಮೇಲಿಂದ ಕೆಳಗೆ ಒಂದು ಅಂಕುಡೊಂಕು ಗೀಟು, ಹೊಲಿಗೆ ಮಷಿನ್ನಿನ ಜಿಗ್‌ಜಾಗ್ ಹೊಲಿಗೆಯ ಹಾಗೆ. ಕಪ್ಪು ಮೈ, ಅರಿಶಿನ ಹಳದಿ. ಆರ್ಜಿಯೋಪಿ ಆರಾಂಟಿಯ. ಇಲ್ಲಿಯವರು ರೈಟಿಂಗ್ ಸ್ಪೈಡರ್ ಅಂತಾರೆ, ಅಂದರೆ ಬರೆಯೋ ಜೇಡ. ಟೊಮೇಟೊ ಗಿಡದ ಹತ್ತಿರ ಬಂದು ಕೂರುತ್ತೆ. ಹಿಮ ಬೀಳೋ ಹೊತ್ತಿಗೆ ಸತ್ತುಹೋಗುತ್ತೆ. ಮೊಟ್ಟೆ ಚೀಲ ಮಾತ್ರ ಕಂದು ಕಾಗದದ ಉಂಡೆ ಹಾಗೆ ಚಳಿಗಾಲ ಪೂರ್ತಿ ನೇತಾಡ್ತಿರುತ್ತೆ. ಮರಿಗಳು ಒಳಗೇ ಒಡೆದಿರ್ತವೆ, ಹೊರಗೆ ಬರೋದು ವಸಂತದಲ್ಲಿ.

ಸುಮ್ನೆಓದುಗ
ಸೆಪ್ಟೆಂಬರ್ 11, ಬೆಳಗ್ಗೆ 11:11

ಈ ನೂಲಲ್ಲಿ ಸೀರೆ ನೇಯಬಹುದಾ? ಇಳಕಲ್ಲಿನವರಿಗೆ ಹೇಳೋಣ.

ಮ್ಯಾಕ್ರೋಕಣ್ಣು (ಬೆಂಗಳೂರು)
ಸೆಪ್ಟೆಂಬರ್ 11, ಮಧ್ಯಾಹ್ನ 12:30

ನೇಯ್ದಿದಾರೆ ಗುರು, ಇದರದ್ದಲ್ಲ, ಮಡಗಾಸ್ಕರಿನ ದೊಡ್ಡ ಚಿನ್ನದ ಜೇಡದ್ದು. ಅದರ ನೂಲೇ ಹೊಂಬಣ್ಣ, ಬಣ್ಣ ಹಾಕೋ ಅಗತ್ಯ ಇಲ್ಲ. ಹತ್ತು ಲಕ್ಷಕ್ಕೂ ಹೆಚ್ಚು ಜೇಡ ಹಿಡಿದು, ನೂಲು ಎಳೆದು, ವಾಪಸ್ ಬಿಟ್ಟು, ಒಂದು ಬಟ್ಟೆ ಮಾಡಿದರು. 2009ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಮ್ಮಲ್ಲಿ ಇಟ್ಟಿದ್ರು. ಒಂದು ಸೀರೆಗೆ ಎಷ್ಟಾಗಬಹುದು, ಲೆಕ್ಕ ಹಾಕ್ಕೊಳಿ. ಮಲೆನಾಡಲ್ಲಿ ಅಂಗೈ ಅಗಲದ ಜೇಡ ದಾರಿಗೆ ಅಡ್ಡ ಹಳದಿ ಬಲೆ ಕಟ್ಟಿರುತ್ತಲ್ಲ, ನೆಫಿಲ, ಅದು ಇದರ ಸಂಬಂಧಿ. ತುಂಬ ಜನ ಅದನ್ನೂ ಸಿಗ್ನೇಚರ್ ಜೇಡ ಅಂತ ಪೋಸ್ಟ್ ಹಾಕ್ತಾರೆ.

ಹೊಲದಹಾದಿ (ಧಾರವಾಡ)
ಸೆಪ್ಟೆಂಬರ್ 11, ಮಧ್ಯಾಹ್ನ 3:00

ನೇಯ್ಗಿ ಮಾತು ಬಂತು ಅಂತ ಹೇಳ್ತೀನ್ರಿ. ಜೇಡ ಅಂದ್ರ ಹಳೇ ಕನ್ನಡದಾಗ ನೇಕಾರ. ಜೇಡರ ದಾಸಿಮಯ್ಯ ಅನ್ನೋ ಹೆಸರಿನೊಳಗ ಇರೋದು ಅದ. ಶರಣರ ಕಾಯಕದ ಹೆಸರ ಈ ಹುಳಕ್ಕೂ ಅದ, ಮತ್ತ ನಾವು ಪೊರಕಿ ತಗೋತೀವಿ.

ತೋಟದಮಾಣಿ (ಶಿರಸಿ)
ಅಕ್ಟೋಬರ್ 4, ರಾತ್ರಿ 9:30

ಎಲ್ಲರೂ ಮರೆತಿರಬಹುದು. ಡೈರಿ ಇಪ್ಪತ್ತಾರು ದಿನ ತುಂಬಿತು, ಮಗಳು ಬರೆದದ್ದನ್ನು ನಾನು ಟೈಪ್ ಮಾಡ್ತಾ ಇದೇನೆ.

ಇಂಟಿನ ನಾಲ್ಕೂ ಗೀಟು ಪೂರ್ತಿ ಇದ್ದದ್ದು ಬರೀ ಮೂರು ದಿನ. ಎರಡು ಗೀಟು ಒಂಬತ್ತು ದಿನ, ಕೆಲವೊಮ್ಮೆ ಕೆಳಗಿನವೆರಡೇ, ಕೆಲವೊಮ್ಮೆ ಮೂಲೆಯಿಂದ ಮೂಲೆಗೆ. ಒಂದೇ ಗೀಟು ಆರು ದಿನ. ಏನೂ ಇಲ್ಲದೆ ಬರೀ ಬಲೆ ಎಂಟು ದಿನ. ಮೊದಲ ವಾರ ನಾನು ನೋಡಿ ಪೋಸ್ಟ್ ಹಾಕಿದ್ದು ಆ ಮೂರು ದಿನದಲ್ಲಿ ಒಂದನ್ನ! ಅಂದರೆ ಸಹಿ ಅನ್ನೋದು ದಿನಕ್ಕೊಂದು ಥರ. ಬ್ಯಾಂಕಿನವರು ಚೆಕ್ ವಾಪಸ್ ಕಳಿಸ್ತಾರೆ.

ಬಲೆ ಹೆಚ್ಚುಕಡಿಮೆ ದಿನಾ ಹೊಸದು. ಒಂದು ದಿನ ನಾಲ್ಕೂವರೆಗೆ ಎದ್ದು ಟಾರ್ಚ್ ಹಿಡಿದು ಕೂತೆವು. ಹಳೇ ಬಲೆ ಆಗಲೇ ಇರಲಿಲ್ಲ. ನಡುವಿಂದ ಸುತ್ತಲೂ ಚಕ್ರದ ಕಡ್ಡಿಗಳ ಹಾಗೆ ಎಳೆ ಎಳೆದು ಆಗಿತ್ತು. ಆಮೇಲೆ ನಡುವಿಂದ ಹೊರಕ್ಕೆ ಅಗಲ ಅಗಲವಾಗಿ ಒಂದು ಸುರುಳಿ ಹಾಕಿತು. ಅಷ್ಟೇನಾ ಅಂದುಕೊಂಡರೆ, ತಿರುಗಿ ಹೊರಗಿಂದ ಒಳಕ್ಕೆ ಒತ್ತೊತ್ತಾಗಿ ಇನ್ನೊಂದು ಸುರುಳಿ, ಮೊದಲಿನದನ್ನು ಕತ್ತರಿಸುತ್ತಾ ಕತ್ತರಿಸುತ್ತಾ ಬಂತು. ಮೊದಲಿನದು ಬರೀ ಸಾರುವೆ ಕಟ್ಟಿದ ಹಾಗೆ, ಮನೆ ಕಟ್ಟಿ ಮುಗಿದ ಮೇಲೆ ಬಿಚ್ಚೋದು. ಹಿಂದಿನ ಕಾಲಿನಿಂದ ಒಂದೊಂದು ಎಳೆಯನ್ನೂ ಮುಟ್ಟಿ, ಅಳೆದು ಅಂಟಿಸುತ್ತೆ. ಆ ಬೆಳಗ್ಗೆ ಇಂಟು ಹಾಕಲೇ ಇಲ್ಲ.

ಊಟದ ವಿಷಯ. ಮಿಡತೆ ಬಿದ್ದರೆ ಓಡಿಬಂದು ಹಿಂದಿನ ಕಾಲಲ್ಲಿ ನೂಲಿನ ಹಾಳೆಯನ್ನೇ ಎಸೆದು ಗಿರಗಿರ ತಿರುಗಿಸಿ ಸುತ್ತಿ, ಆಮೇಲೆ ಕಚ್ಚುತ್ತೆ. ಚಿಟ್ಟೆ ಬಿದ್ದಾಗ ಮಾತ್ರ ಮೊದಲು ಕಚ್ಚಿ ಹಿಡಿದುಕೊಂಡು ಆಮೇಲೆ ಸುತ್ತಿತು. ಎರಡು ಸಲ ನೋಡಿದೆವು, ಎರಡೂ ಸಲ ಹಾಗೇ. ಇದು ಯಾಕೆ?

ಒಂದು ತಪ್ಪು ನನ್ನದು. ಸೆಪ್ಟೆಂಬರ್ 19ರಂದು ಮಳೆಗೆ ಕೊಡೆ ಬಿಚ್ಚುತ್ತಾ ಇಳಿದೆ, ಅರ್ಧ ಬಲೆ ಕೊಡೆಗೆ ಬಂತು. ಅನಸೂಯಮ್ಮ ಹುಲ್ಲಿಗೆ ಬಿದ್ದಳು. ಮಗಳು ಎರಡು ಹೊತ್ತು ಮಾತಾಡಿಸಲಿಲ್ಲ. ಮರುದಿನ ಅದೇ ಜಾಗದಲ್ಲಿ ಹೊಸ ಬಲೆ, ಒಂದು ಗೇಣು ಮೇಲೆ. ಈಗ ಆಯಿ ದಾಸವಾಳ ಆ ಕಡೆಯಿಂದ ಹೋಗಿ ಕೊಯ್ಯುತ್ತಾಳೆ.

ಎಂಟುಕಾಲು (ಮೈಸೂರು)
ಅಕ್ಟೋಬರ್ 5, ಬೆಳಗ್ಗೆ 7:00

ಮಗಳಿಗೆ ನನ್ನ ಶಹಭಾಸ್ ಹೇಳಿ. ನಮ್ಮ ಎಂಎಸ್ಸಿ ಹುಡುಗರು ಹೀಗೆ ಬರೆಯಲ್ಲ.

ಮೊದಲು ಚಿಟ್ಟೆ. ಚಿಟ್ಟೆ, ಪತಂಗದ ರೆಕ್ಕೆಗೆ ಪುಡಿಯ ಹಾಗೆ ಶಲ್ಕ ಇರುತ್ತೆ. ಅಂಟು ಹಿಡಿಯೋದು ಆ ಪುಡಿಯನ್ನ. ಪುಡಿ ಬಿಟ್ಟುಕೊಟ್ಟು ಚಿಟ್ಟೆ ಜಾರಿಹೋಗುತ್ತೆ. ನಿಧಾನಕ್ಕೆ ಸುತ್ತೋಕೆ ಸಮಯ ಇಲ್ಲ, ಅದಕ್ಕೇ ಮೊದಲು ಹಲ್ಲು. ಮಿಡತೆಗೆ ಒದೆಯೋ ಕಾಲಿದೆ, ಕಡಿಯೋ ಬಾಯಿದೆ. ಅದನ್ನು ದೂರದಿಂದ ಕಟ್ಟಿಹಾಕಿ ಆಮೇಲೆ ಹತ್ತಿರ ಹೋಗೋದು ಕ್ಷೇಮ. ಪನಾಮಾದಲ್ಲಿ ಆರ್ಜೆಂಟೇಟ ಅನ್ನೋ ಜಾತಿಯ ಮೇಲೆ ಇದನ್ನು ಬಹಳ ಹಿಂದೆಯೇ ನೋಡಿ ಬರೆದಿದಾರೆ. ನಿಮ್ಮ ಹಿತ್ತಿಲಲ್ಲೂ ಅದೇ ಕಂಡಿತಲ್ಲ.

ಹಳೇ ಬಲೆ ಎಲ್ಲಿ ಹೋಯ್ತು ಅಂದರೆ, ಅವಳ ಹೊಟ್ಟೆಗೆ. ಮುದ್ದೆ ಮಾಡಿ ತಿಂದುಬಿಡ್ತಾಳೆ, ಆ ಪ್ರೋಟೀನಿನ ಬಹುಪಾಲು ಮತ್ತೆ ನೂಲಾಗುತ್ತೆ. ಜೇಡಕ್ಕೆ ಸಂಸ್ಕೃತದಲ್ಲಿ ಊರ್ಣನಾಭಿ ಅಂತಾರೆ. ಜೇಡ ನೂಲನ್ನು ಹೊರಕ್ಕೆ ಬಿಟ್ಟು ಮತ್ತೆ ಒಳಕ್ಕೆ ತಗೊಳ್ಳುವ ಹಾಗೆ ಅಂತ ಮುಂಡಕೋಪನಿಷತ್ತಿನಲ್ಲಿ ಸೃಷ್ಟಿಗೆ ಹೋಲಿಕೆ ಬರುತ್ತೆ. "ಬಿಟ್ಟು" ಅನ್ನೋದನ್ನು ಯಾರಾದರೂ ಕಂಡಾರು, "ಒಳಕ್ಕೆ ತಗೊಂಡು" ಅಂತ ಬರೆಯೋಕೆ ಯಾರೋ ನಿಮ್ಮ ಹಾಗೆ ನಸುಕಿನಲ್ಲಿ ಎದ್ದು ಕೂತಿರಬೇಕು.

ಈಗ ಇಂಟು. ಇದಕ್ಕೆ ಪುಸ್ತಕದ ಹೆಸರು ಸ್ಟೆಬಿಲಿಮೆಂಟಮ್, ಬಲೆಯನ್ನು ಗಟ್ಟಿಮಾಡುತ್ತೆ ಅಂತ ಅಂದುಕೊಂಡು ಇಟ್ಟ ಹೆಸರು. ಗಟ್ಟಿ ಏನೂ ಮಾಡಲ್ಲ, ಬಲೆಗೆ ಸಡಿಲವಾಗಿ ಅಂಟಿಕೊಂಡಿರುತ್ತೆ ಅಷ್ಟೆ. ಹೆಸರು ಮಾತ್ರ ಉಳಿದುಬಿಡ್ತು. ಬೇಟೆಯನ್ನು ಸುತ್ತೋ ನೂಲು ಯಾವ ಗ್ರಂಥಿಯಿಂದ ಬರುತ್ತೋ ಇದೂ ಅದರಿಂದಲೇ.

ಒಂದು ವಾದ ಹಕ್ಕಿಯದ್ದು. 1983ರಲ್ಲಿ ಐಸ್ನರ್, ನೊವಿಕಿ ಇಬ್ಬರೂ ಖಾಲಿ ಬಲೆಗಳ ಮೇಲೆ ಕಾಗದದ ಪಟ್ಟಿ ಇಂಟು ಹಾಕಿ ನೋಡಿದರು. ಪಟ್ಟಿ ಇಲ್ಲದವು ಹಕ್ಕಿ ಹಾರಾಡೋ ಬೆಳಗಿನ ಹೊತ್ತಲ್ಲೇ ಬಹುಪಾಲು ಹರಿದುಹೋದವು, ಇದ್ದವು ಹೆಚ್ಚು ಹೊತ್ತು ಉಳಿದವು. ಹಕ್ಕಿ ದೂರದಿಂದಲೇ ಕಂಡು ಬದಿಗೆ ತಿರುಗುತ್ತೆ. ನಮ್ಮ ರಸ್ತೆಗೆ ಬಿಳಿ ಬಣ್ಣ ಬಳಿದ ಹಂಪ್ ಇದ್ದ ಹಾಗೆ. ಈ ಗುರುತು ಹಾಕೋ ಜೇಡಗಳೆಲ್ಲ ಹಗಲು ಬಲೆಯಲ್ಲಿ ಕೂರೋವೇ ಅನ್ನೋದೂ ಇದಕ್ಕೆ ಹೊಂದುತ್ತೆ. ರಾತ್ರಿ ಕಟ್ಟಿ ಬೆಳಗ್ಗೆ ಬಿಚ್ಚೋ ಜೇಡಕ್ಕೆ ಇಂಟು ಯಾಕೆ?

ಇನ್ನೊಂದು ವಾದ ಇದಕ್ಕೆ ಉಲ್ಟಾ. ಆ ನೂಲು ನೇರಳಾತೀತ ಬೆಳಕನ್ನು ಚೆನ್ನಾಗಿ ಹಿಂದಕ್ಕೆ ಕಳಿಸುತ್ತೆ, ಹುಳಗಳಿಗೆ ಹೂವಿನ ಹಾಗೆ ಕಂಡು ಬಂದು ಬೀಳ್ತವೆ ಅಂತ. ಆದರೆ ನ್ಯೂಜೆರ್ಸಿ ಅಕ್ಕನ ಆರಾಂಟಿಯ ಮೇಲೆ 1999ರಲ್ಲಿ ಮಾಡಿದ ಪ್ರಯೋಗದಲ್ಲಿ ಗುರುತಿದ್ದ ಬಲೆಗೆ ಬೇಟೆ ಸುಮಾರು ಮೂರನೇ ಒಂದು ಪಾಲು ಕಡಿಮೆಯೇ ಆಯ್ತು. ಒಂದು ಜಾತಿಯಲ್ಲಿ ನಿಜವಾದದ್ದು ಇನ್ನೊಂದರಲ್ಲಿ ಆಗಬೇಕು ಅಂತಿಲ್ಲ, ಅದಕ್ಕೇ ಜಗಳ ಮುಗಿದಿಲ್ಲ.

ಜೇನುಗೂಡು ಅವರಿಗೆ ಹೇಳ್ತೀನಿ ಅಂದಿದ್ದು ಇದು. ಕ್ಯಾಥರಿನ್ ಕ್ರೇಗ್ ಅನ್ನೋ ವಿಜ್ಞಾನಿ ಪನಾಮಾದಲ್ಲಿ ಮಿಸರಿ ಜೇನು ಮತ್ತು ಆರ್ಜಿಯೋಪಿ ಇಟ್ಟು ನೋಡಿದರು, 1994ರಲ್ಲಿ ಬರೆದರು. ನೊಣಗಳು ಒಮ್ಮೆ ಬಲೆಗೆ ಬಿದ್ದು ತಪ್ಪಿಸಿಕೊಂಡರೆ ಕಲೀತವೆ. ಅದೇ ಜಾಗ, ಅದೇ ಗುರುತು ಕಂಡರೆ ಮರುದಿನ ಸುತ್ತಿಕೊಂಡು ಹೋಗ್ತವೆ. ಆದರೆ ಜೇಡ ಗುರುತನ್ನು ದಿನಾ ಬದಲಾಯಿಸಿದರೆ ಆ ಪಾಠ ಉಪಯೋಗಕ್ಕೆ ಬರಲ್ಲ. ಈಗ ಡೈರಿ ನೋಡಿ: ನಾಲ್ಕು, ಎರಡು, ಸೊನ್ನೆ, ಒಂದು. ಒಂದೇ ಜೇಡ, ಒಂದೇ ಗಿಡ, ಹಾಗಾಗಿ ಇದು ಸಾಕ್ಷಿ ಅಂತ ನಾನು ಹೇಳಲ್ಲ. ಆದರೆ ಪುಟ ತಿರುಗಿಸುವಾಗ ನನಗೆ ಖುಷಿಯಾಯ್ತು.

ಜೇನುಗೂಡು (ಪುತ್ತೂರು)
ಅಕ್ಟೋಬರ್ 5, ಬೆಳಗ್ಗೆ 7:48

ಅಬ್ಬ. ಹಾಗಾದ್ರೆ ಸಹಿ ಅಲ್ಲ ಅದು, ಕಳ್ಳಸಹಿ! ಕೋಲಲ್ಲಿ ಎತ್ತಿ ಆಚೆ ಬಿಡುದು ನಾನು ನಿಲ್ಲಿಸುದಿಲ್ಲ. ಆದರೆ ಬಿಡುವ ಮೊದಲು ಎಷ್ಟು ಗೀಟು ಅಂತ ನೋಡ್ತೇನೆ.

ತೋಟದಮಾಣಿ (ಶಿರಸಿ)
ಅಕ್ಟೋಬರ್ 5, ರಾತ್ರಿ 8:20

ಏಳು ಕಾಲಿನ ಕಥೆ ಹೇಳಲೇ ಇಲ್ಲ ಮೇಡಂ. ಮಗಳ ಪ್ರಶ್ನೆ: ಮತ್ತೆ ಬೆಳೆಯುತ್ತಾ?

ಎಂಟುಕಾಲು (ಮೈಸೂರು)
ಅಕ್ಟೋಬರ್ 6, ಬೆಳಗ್ಗೆ 6:50

ಮರಿ ಇದ್ದಾಗ ಕಾಲು ಹೋದರೆ ಪೊರೆ ಬಿಡುವಾಗ ಮತ್ತೆ ಬರುತ್ತೆ, ಸ್ವಲ್ಪ ಗಿಡ್ಡ. ಬೆಳೆದ ಹೆಣ್ಣು ಪೊರೆ ಬಿಡೋದಿಲ್ಲ, ಹಾಗಾಗಿ ಇನ್ನು ಬರಲ್ಲ. ಹೇಗೆ ಹೋಯ್ತು ಅಂತ ಹೇಳೋಕಾಗಲ್ಲ. ಆದರೆ ಆರ್ಜಿಯೋಪಿ ತನ್ನ ಕಾಲನ್ನು ತಾನೇ ಕಳಚಿಕೊಳ್ಳಬಲ್ಲದು. 1983ರಲ್ಲೇ ಇನ್ನೊಂದು ಪ್ರಯೋಗ: ವಿಷದ ತಿಗಣೆಯೊಂದು ಕಾಲಿಗೆ ಚುಚ್ಚಿದಾಗ ಜೇಡ ಕ್ಷಣಾರ್ಧದಲ್ಲಿ ಆ ಕಾಲನ್ನೇ ಬಿಟ್ಟುಬಿಟ್ಟಿತು, ವಿಷ ಮೈಗೆ ಏರೋ ಮೊದಲೇ. ಬರೀ ಸೂಜಿ ಚುಚ್ಚಿದರೆ ಬಿಡಲಿಲ್ಲ. ಜೇನುನೊಣದ ವಿಷ ಹಾಕಿದರೆ ಬಿಟ್ಟಿತು. ಆ ವಿಷದಲ್ಲಿರೋ, ನಮಗೆ ಉರಿ ನೋವು ತರೋ ಹಿಸ್ಟಮಿನ್‌ನಂಥ ವಸ್ತುಗಳನ್ನು ಬಿಡಿಬಿಡಿಯಾಗಿ ಹಾಕಿದರೂ ಬಿಟ್ಟಿತು. ಹುಳಕ್ಕೆ ನೋವು ಗೊತ್ತಾಗುತ್ತಾ ಅನ್ನೋ ಪ್ರಶ್ನೆಯನ್ನು ಆ ಪ್ರಬಂಧದ ತಲೆಬರಹದಲ್ಲೇ ಇಟ್ಟಿದ್ದರು.

ಟೋಕಿಯೋಕನ್ನಡಿಗ
ಅಕ್ಟೋಬರ್ 9, ಬೆಳಗ್ಗೆ 10:30

ತಡವಾಗಿ ಓದಿದೆ. ಜಪಾನಿನ ದಕ್ಷಿಣದಲ್ಲಿ ಕಗೋಶಿಮಾ ಪ್ರಾಂತ್ಯದ ಕಾಜಿಕಿ ಅನ್ನೋ ಊರಲ್ಲಿ ಪ್ರತಿ ಜೂನಿನಲ್ಲಿ ಆರ್ಜಿಯೋಪಿ ಅಮೀನದ ಕಾಳಗ ನಡೆಯುತ್ತೆ. ಅಡ್ಡ ಕೋಲಿನ ಮೇಲೆ ಎರಡು ಹೆಣ್ಣು ಜೇಡ ಬಿಡ್ತಾರೆ. ಎದುರಾಳಿ ನೇತಾಡುವ ನೂಲು ಕತ್ತರಿಸಿದರೆ, ಅದಕ್ಕೆ ನೂಲು ಸುತ್ತಿದರೆ ಅಥವಾ ಅದರ ಹೊಟ್ಟೆಗೆ ಕಚ್ಚಿದರೆ ಗೆಲುವು. ತೀರ್ಪುಗಾರ ತಕ್ಷಣ ಬಿಡಿಸ್ತಾನೆ. ನಾನೂರು ವರ್ಷದ ಹಿಂದೆ ಸೈನಿಕರಿಗೆ ಹುರುಪು ತುಂಬೋಕೆ ಶಿಮಾಝು ಯೋಶಿಹಿರೋ ಅನ್ನೋ ದೊರೆ ಶುರು ಮಾಡಿದ ಅಂತ ಐತಿಹ್ಯ. ಹಬ್ಬಕ್ಕೆ ಮುಂಚೆ ಜನ ಜೇಡಗಳನ್ನು ಮನೆಯೊಳಗೇ ಬಿಟ್ಟು ಸಾಕ್ತಾರೆ. ಅಲ್ಲಿನ ಆಯಿಯರು ಏನಂತಾರೋ.

ತೋಟದಮಾಣಿ (ಶಿರಸಿ)
ಅಕ್ಟೋಬರ್ 12, ಮಧ್ಯಾಹ್ನ 1:15

ಬಲೆಯ ಅಂಚಲ್ಲಿ ಎರಡು ಸಣ್ಣ ಕಂದು ಜೇಡ ಬಂದಿವೆ. ಅನಸೂಯಮ್ಮನ ಕಾಲು ಭಾಗವೂ ಇಲ್ಲ. ಬಣ್ಣ ಇಲ್ಲ, ಏನಿಲ್ಲ. ಮಕ್ಕಳಾ?

ಎಂಟುಕಾಲು (ಮೈಸೂರು)
ಅಕ್ಟೋಬರ್ 12, ಮಧ್ಯಾಹ್ನ 2:40

ಗಂಡಂದಿರು.

ಸುಮ್ನೆಓದುಗ
ಅಕ್ಟೋಬರ್ 12, ಮಧ್ಯಾಹ್ನ 2:41

😂😂😂

ತೋಟದಮಾಣಿ (ಶಿರಸಿ)
ಅಕ್ಟೋಬರ್ 14, ಬೆಳಗ್ಗೆ 9:05

ಇವತ್ತು ಅಂಚಲ್ಲಿ ಒಬ್ಬನೇ. ಇನ್ನೊಬ್ಬ ನಡುವಿನಲ್ಲಿ, ಬಿಳಿ ನೂಲಲ್ಲಿ ಸುತ್ತಿಸಿಕೊಂಡು, ಅವಳ ಬಾಯಲ್ಲಿ. ಆಯಿಗೆ ಹೇಳಬೇಡ ಅಂತ ಮಗಳಿಗೆ ಹೇಳಿದೆ. ಹೇಳಿಬಿಟ್ಟಳು. ಪತಿವ್ರತೆಯ ಹೆಸರಿಟ್ಟ ಆ ಸ್ವೀಡನ್ನಿನವನನ್ನು ಆಯಿ ಈಗ ಬೈತಾ ಇದಾಳೆ.

ಎಂಟುಕಾಲು (ಮೈಸೂರು)
ಅಕ್ಟೋಬರ್ 14, ಬೆಳಗ್ಗೆ 10:10

ಬೈಯಲಿ ಬಿಡಿ. ಗಂಡಿಗೆ ಮುಖದ ಹತ್ತಿರ ಬಾಕ್ಸಿಂಗ್ ಗ್ಲೌಸಿನ ಹಾಗೆ ಎರಡು ಸ್ಪರ್ಶಾಂಗ ಇರುತ್ತೆ, ವೀರ್ಯ ಕೊಡೋದು ಅದರಿಂದಲೇ. ಈ ಕುಲದ ಕೆಲವು ಜಾತಿಗಳಲ್ಲಿ ಅದರ ತುದಿ ಹೆಣ್ಣಿನೊಳಗೇ ಮುರಿದು ಉಳಿದು, ಮುಂದಿನ ಗಂಡಿಗೆ ಬಾಗಿಲು ಹಾಕಿದ ಹಾಗಾಗುತ್ತೆ. ಆರಾಂಟಿಯದ ಗಂಡಂತೂ ಎರಡನೇ ಸ್ಪರ್ಶಾಂಗ ಸೇರಿಸಿದ ಕೂಡಲೇ ತಾನೇ ಸತ್ತುಹೋಗುತ್ತೆ, ಹೆಣ್ಣು ಕೊಲ್ಲಬೇಕಾಗಿಲ್ಲ. 2003ರಲ್ಲಿ ಇದನ್ನು ತೋರಿಸಿದರು. ಸತ್ತ ಗಂಡೇ ಅಲ್ಲಿ ಅಡ್ಡ ಸಿಕ್ಕಿಕೊಂಡಿರುತ್ತೆ.

ಮ್ಯಾಕ್ರೋಕಣ್ಣು (ಬೆಂಗಳೂರು)
ಅಕ್ಟೋಬರ್ 14, ರಾತ್ರಿ 9:00

ಮೇಡಂ, ಕಾರ್ನ್‌ಫ್ಲೋರ್ ವಿಷಯದಲ್ಲಿ ಆವಾಗ ಸ್ವಲ್ಪ ಸಿಟ್ಟು ಬಂದಿತ್ತು. ಈ ಭಾನುವಾರ ಮಂಜಿಗೆ ಕಾದೆ. ಆರೂವರೆಗೆ ಹತ್ತೇ ನಿಮಿಷ ಸಿಕ್ಕಿದ್ದು. ಫೋಟೋ ಹಾಕಿದೇನೆ, ಒಂದೇ ಒಂದು ಶಾರ್ಪ್ ಇದೆ, ಆದರೆ ಅಂಟಿನ ಹನಿ ಮಣಿ ಪೋಣಿಸಿದ ಹಾಗೆ ಬಂದಿದೆ.

ತೋಟದಮಾಣಿ (ಶಿರಸಿ)
ಅಕ್ಟೋಬರ್ 30, ಸಂಜೆ 5:30

ಕೊನೇ ಪುಟ. 21ಕ್ಕೆ ಅನಸೂಯಮ್ಮನ ಹೊಟ್ಟೆ ಹೆಸರುಕಾಳು ನೆನೆದ ಹಾಗೆ ಉಬ್ಬಿತ್ತು. 23ರ ಬೆಳಗ್ಗೆ ಬಲೆ ಖಾಲಿ. ಮಧ್ಯಾಹ್ನ ವಾಪಸ್ ಬಂದಳು, ಹೊಟ್ಟೆ ಸುಕ್ಕು. ಕ್ರೋಟನ್ ಎಲೆಯಡಿ ಹುಡುಕಿದರೆ ಮೊಟ್ಟೆ ಚೀಲ, ನಾಲ್ಕೂ ಕಡೆ ನೂಲು ಎಳೆದು ಕಟ್ಟಿದ್ದಾಳೆ. 27ರ ರಾತ್ರಿ ಜೋರು ಮಳೆ. ಅಲ್ಲಿಂದ ಅವಳಿಲ್ಲ. ಮೂರು ದಿನ ಸುತ್ತಮುತ್ತ ಹುಡುಕಿದೆವು, ಏಳು ಕಾಲಿನದು ಕಾಣಲಿಲ್ಲ.

ಇಲ್ಲಿ ಅಡಿಕೆ ಕೊಯ್ಲು ಶುರುವಾಗ್ತಿದೆ, ಹಿತ್ತಿಲ ತುಂಬ ಜನ, ಬುಟ್ಟಿ. ಕ್ರೋಟನ್ ಕಡೆ ಯಾರೂ ಹೋಗದ ಹಾಗೆ ಆಯಿಯೇ ಹಳೇ ಸೀರೆ ಅಡ್ಡ ಕಟ್ಟಿದ್ದಾಳೆ. ಚೀಲ ಇರೋ ಎಲೆಯ ತೊಟ್ಟು ಮಾತ್ರ ಹಳದಿ ಆಗ್ತಾ ಇದೆ. ಉದುರದ ಹಾಗೆ ಬಾಳೆನಾರಲ್ಲಿ ಕೊಂಬೆಗೆ ಕಟ್ಟಿದೇವೆ, ಮಗಳು ಎರಡು ಗಂಟು ಹಾಕಿದಾಳೆ.